ಮನೆಯಲ್ಲೇ ಕೂತು ಪ್ರೋಗ್ರಾಮಿಂಗ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನಲ್ಲಿ ಬೇರೆ ವಿಷಯ ಓದಿದವರು, ಕೆಲಸ ಮುಗಿಸಿ ಬಂದು ರಾತ್ರಿ ಒಂದು ಗಂಟೆ ಬಿಡುವು ಮಾಡಿಕೊಳ್ಳುವವರು, ತರಗತಿಯಲ್ಲಿ ಹೇಳಿಕೊಟ್ಟದ್ದು ತಲೆಗೆ ಹತ್ತದೆ ಮತ್ತೆ ಮೊದಲಿನಿಂದ ಶುರು ಮಾಡಿದ ವಿದ್ಯಾರ್ಥಿಗಳು, ಇವರೆಲ್ಲ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಉದಾಹರಣೆಗಳು ಪೈಥಾನ್ ಭಾಷೆಯವು. ಅಭ್ಯಾಸದ ಬಗ್ಗೆ ಹೇಳಿರುವ ಮಾತು ಯಾವ ಭಾಷೆಗಾದರೂ ಸಲ್ಲುತ್ತದೆ.

ಪ್ರೋಗ್ರಾಮಿಂಗನ್ನು ಗುರುವಿಲ್ಲದೆ ಕಲಿಯಲು ಸಾಧ್ಯವೇ?

ಸಾಧ್ಯ. ಸಂಗೀತ ಕಲಿಯುವವನಿಗೆ ಶ್ರುತಿ ತಪ್ಪಿದ್ದನ್ನು ಹೇಳಲು ಪಕ್ಕದಲ್ಲಿ ಕಿವಿಯುಳ್ಳವರೊಬ್ಬರು ಇರಲೇಬೇಕು. ಪ್ರೋಗ್ರಾಮಿಂಗಿನಲ್ಲಿ ಹಾಗಲ್ಲ, ಬರೆದದ್ದನ್ನು ರನ್ ಮಾಡಿದ ಮರುಕ್ಷಣವೇ ಯಂತ್ರ ಉತ್ತರ ಕೊಡುತ್ತದೆ, ನೂರು ಸಲ ತಪ್ಪಿದರೂ ಬೇಸರಪಟ್ಟುಕೊಳ್ಳುವುದಿಲ್ಲ. ಆದರೆ ಯಂತ್ರ ಎತ್ತಿ ತೋರಿಸುವುದು ವ್ಯಾಕರಣದ ತಪ್ಪನ್ನು ಮತ್ತು ಮುಂದೆ ಸಾಗಲಾಗದಂಥ ತಪ್ಪನ್ನು ಮಾತ್ರ. ವ್ಯಾಕರಣ ಸರಿಯಿದ್ದು ಲೆಕ್ಕವೇ ತಪ್ಪಾಗಿದ್ದರೆ, ಆ ತಪ್ಪು ಉತ್ತರವನ್ನೇ ಅದು ಪೂರ್ಣ ವಿಶ್ವಾಸದಿಂದ ಪರದೆಯ ಮೇಲೆ ತೋರಿಸುತ್ತದೆ. ಆದ್ದರಿಂದ ಸ್ವಂತವಾಗಿ ಕಲಿಯುವವರು, ಸರಿಯಾದ ಉತ್ತರ ಎಷ್ಟಿರಬೇಕು ಎಂದು ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿಕೊಳ್ಳುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಬೇಕು.

ಮೊದಲು ಯಾವ ಭಾಷೆ ಕಲಿಯಬೇಕು?

ಈ ಪ್ರಶ್ನೆಯ ಸುತ್ತಲೇ ತಿಂಗಳುಗಟ್ಟಲೆ ಸುತ್ತುವವರನ್ನು ನೋಡಿದ್ದೇನೆ. ನಿರ್ದಿಷ್ಟ ಗುರಿಯಿಲ್ಲದಿದ್ದರೆ ಪೈಥಾನ್ ಹಿಡಿಯಿರಿ. ಗಿಡೊ ವ್ಯಾನ್ ರೋಸಮ್ 1991ರಲ್ಲಿ ಬಿಡುಗಡೆ ಮಾಡಿದ ಈ ಭಾಷೆಯಲ್ಲಿ ಚಿಹ್ನೆಗಳ ಗೊಂದಲ ಕಡಿಮೆ. ವೆಬ್ ಪುಟಗಳನ್ನು ಮಾಡುವ ಆಸೆಯಿದ್ದರೆ ಜಾವಾಸ್ಕ್ರಿಪ್ಟ್ ಸರಿ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಹೇಗೂ ಸಿ ಕಲಿಯಬೇಕಿದ್ದರೆ ಅದರಿಂದಲೇ ಶುರು ಮಾಡಬಹುದು. ಯಾವುದನ್ನೇ ಹಿಡಿದರೂ ಮೊದಲ ಆರು ತಿಂಗಳು ಬದಲಾಯಿಸಬೇಡಿ.

ಒಂದು ಎಚ್ಚರಿಕೆ: ಪೈಥಾನ್ 2ರ ಕಾಲದ ಹಳೆಯ ಪಾಠಗಳು ಇನ್ನೂ ಅಂತರ್ಜಾಲದಲ್ಲಿ ಉಳಿದಿವೆ. ಆ ಆವೃತ್ತಿಗೆ ಕೊಡುತ್ತಿದ್ದ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಪಾಠದಲ್ಲಿ ಪ್ರಿಂಟ್ ಎಂಬ ಪದದ ಮುಂದೆ ಆವರಣ ಚಿಹ್ನೆ ಇಲ್ಲದಿದ್ದರೆ ಅದು ಹಳೆಯದೆಂದು ತಿಳಿದು, ಬೇರೆ ಪಾಠ ಹುಡುಕಿಕೊಳ್ಳಿ.

ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ತೊಂದರೆಯಾಗುತ್ತದೆಯೇ?

ಭಾಷೆಯೊಳಗಿನ ಇಂಗ್ಲಿಷ್‌ನಿಂದ ಆಗುವ ತೊಂದರೆ ಬಹಳ ಕಡಿಮೆ. ಇತ್ತೀಚಿನ ಪೈಥಾನಿನಲ್ಲಿ ಮೀಸಲಾದ ಪದಗಳು ಸುಮಾರು 35 ಮಾತ್ರ. ಇಫ್, ಎಲ್ಸ್, ಫಾರ್, ವೈಲ್, ರಿಟರ್ನ್ ಇಂಥವು. ಒಂದು ವಾರ ಬಳಸಿದರೆ ಅವು ಇಂಗ್ಲಿಷ್ ಪದಗಳೆಂಬುದೇ ಮರೆತುಹೋಗಿ, ಗಣಿತದ ಚಿಹ್ನೆಗಳ ಹಾಗೆ ಕಾಣತೊಡಗುತ್ತವೆ. ಉಳಿದ ಹೆಸರುಗಳನ್ನು ಇಡುವವರು ನೀವೇ. ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ (ಬೆಲೆಯೊಂದನ್ನು ಇಟ್ಟುಕೊಳ್ಳುವ ಹೆಸರುಗಳಿಗೆ) ಮೊತ್ತ, ದಿನಗಳು, ಸರಾಸರಿ ಎಂದು ಕನ್ನಡ ಲಿಪಿಯಲ್ಲೇ ಹೆಸರಿಟ್ಟರೂ ಪ್ರೋಗ್ರಾಂ ಓಡುತ್ತದೆ. ಬಳಕೆದಾರರು ೧೨೩ ಎಂದು ಕನ್ನಡ ಅಂಕಿಗಳಲ್ಲಿ ಟೈಪ್ ಮಾಡಿದರೂ ಇಂಟ್ ಎಂಬ ಫಂಕ್ಷನ್ (ನಿರ್ದಿಷ್ಟ ಕೆಲಸವೊಂದನ್ನು ಮಾಡಿಕೊಡುವ, ಹೆಸರಿಟ್ಟ ಕೋಡಿನ ತುಣುಕು) ಅದನ್ನು 123 ಎಂದೇ ಓದಿಕೊಳ್ಳುತ್ತದೆ. ಆದರೆ ಅದೇ ೧೨೩ನ್ನು ಕೋಡಿನೊಳಗೆ ನೇರವಾಗಿ ಸಂಖ್ಯೆಯಾಗಿ ಬರೆದರೆ ಎರರ್ ಬರುತ್ತದೆ. ಕಲಿಕೆಯ ಹಂತದಲ್ಲಿ ಕನ್ನಡ ಹೆಸರುಗಳಿಂದ ಲಾಭವೇ ಇದೆ, ಏಕೆಂದರೆ ಭಾಷೆಯ ಸ್ವಂತ ಪದ ಯಾವುದು, ನಾವು ಇಟ್ಟ ಹೆಸರು ಯಾವುದು ಎಂಬುದು ಕಣ್ಣಿಗೇ ಗೊತ್ತಾಗುತ್ತದೆ. ನಾಲ್ಕು ಜನ ಸೇರಿ ಬರೆಯುವ ಕೋಡಿನಲ್ಲಿ ಮಾತ್ರ ಇಂಗ್ಲಿಷ್ ಹೆಸರುಗಳೇ ರೂಢಿ.

ಇಂಗ್ಲಿಷ್ ನಿಜವಾಗಿ ಬೇಕಾಗುವುದು ಎರರ್ ಸಂದೇಶ ಮತ್ತು ಕೈಪಿಡಿಗಳನ್ನು ಓದುವಾಗ. ಅಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಅರ್ಥಸಹಿತ ಬರೆದಿಟ್ಟುಕೊಂಡರೆ ಎರಡು ಪುಟ ತುಂಬುವಷ್ಟರಲ್ಲಿ ದಾರಿ ಸಲೀಸಾಗಿರುತ್ತದೆ.

ಲ್ಯಾಪ್‌ಟಾಪ್ ಇಲ್ಲ. ಮೊಬೈಲಿನಲ್ಲಿ ಕಲಿಯಬಹುದೇ?

ಶುರು ಮಾಡಬಹುದು. ಆಂಡ್ರಾಯ್ಡ್ ಫೋನಿಗೆ ಪೈಡ್ರಾಯ್ಡ್ 3 ಎಂಬ ಆಪ್ ಇದೆ, ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಮೊದಲ ಎರಡು ತಿಂಗಳ ಅಭ್ಯಾಸಕ್ಕೆ ಅದು ಸಾಕು. ಪ್ರೋಗ್ರಾಂ ಐವತ್ತು ಸಾಲು ದಾಟಿದ ಮೇಲೆ ಸಣ್ಣ ಪರದೆಯಲ್ಲಿ ಇಂಡೆಂಟೇಶನ್ (ಸಾಲಿನ ಆರಂಭದಲ್ಲಿ ಬಿಡುವ ಜಾಗ) ನೋಡಿಕೊಳ್ಳುವುದು ಕಷ್ಟವಾಗುತ್ತದೆ. ಅಷ್ಟರಲ್ಲಿ ಒಂದು ಹಳೆಯ ಕಂಪ್ಯೂಟರ್ ಹೊಂದಿಸಿಕೊಳ್ಳಿ. ಅದರಲ್ಲಿ ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆಂದೇ ರೂಪಿಸಿದ ಥಾನಿ ಎಂಬ ಉಚಿತ ಎಡಿಟರ್ ಹಾಕಿಕೊಂಡರೆ, ಪ್ರೋಗ್ರಾಂ ಒಂದೊಂದೇ ಹೆಜ್ಜೆ ಇಡುವುದನ್ನೂ ಆಗ ಪ್ರತಿ ವೇರಿಯಬಲ್ಲಿನ ಬೆಲೆ ಬದಲಾಗುವುದನ್ನೂ ಕಣ್ಣಾರೆ ನೋಡಬಹುದು.

ವಿಡಿಯೋ ನೋಡುವಾಗ ಎಲ್ಲವೂ ಅರ್ಥವಾಗುತ್ತದೆ. ಖಾಲಿ ಪರದೆಯ ಮುಂದೆ ಕೂತರೆ ಒಂದು ಸಾಲೂ ಹೊಳೆಯುವುದಿಲ್ಲ. ಏನು ತಪ್ಪಾಗುತ್ತಿದೆ?

ಬೇರೆಯವರು ಬರೆದದ್ದು ಅರ್ಥವಾಗುವುದಕ್ಕೂ ತಾನೇ ಬರೆಯುವುದಕ್ಕೂ ನಡುವೆ ಇರುವ ಅಂತರ ಅದು. ಅಡುಗೆ ಮಾಡುವುದನ್ನು ಬಾಗಿಲಲ್ಲಿ ನಿಂತು ನೋಡಿದವರಿಗೆ ಒಗ್ಗರಣೆ ಯಾವಾಗ ಹಾಕಬೇಕೆಂದು ಗೊತ್ತಿರುತ್ತದೆ, ಒಲೆಯ ಮುಂದೆ ನಿಂತಾಗ ಸಾಸಿವೆ ಸೀದುಹೋಗುತ್ತದೆ. ನಿಮಗಷ್ಟೇ ಹೀಗಾಗುವುದೂ ಅಲ್ಲ. ಹಲವು ದೇಶಗಳ ಅಧ್ಯಾಪಕರು ಸೇರಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಕೋರ್ಸ್ ಮುಗಿಸಿದ ವಿದ್ಯಾರ್ಥಿಗಳು ಬರೆಯುವ ಪರೀಕ್ಷೆಯಲ್ಲಿ ಅಧ್ಯಾಪಕರ ನಿರೀಕ್ಷೆಗಿಂತ ಬಹಳ ಹಿಂದುಳಿದಿದ್ದು ಕಂಡುಬಂತು. 2004ರಲ್ಲಿ ರೇಮಂಡ್ ಲಿಸ್ಟರ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ ನೋಡಿದರು: ಹಲವರಿಗೆ ಚಿಕ್ಕದೊಂದು ಕೋಡನ್ನು ಸಾಲು ಸಾಲಾಗಿ ಹಿಂಬಾಲಿಸಿ, ಕೊನೆಯಲ್ಲಿ ಯಾವ ವೇರಿಯಬಲ್ಲಿನಲ್ಲಿ ಎಷ್ಟಿರುತ್ತದೆ ಎಂದು ಹೇಳುವುದೇ ಕಷ್ಟವಾಗಿತ್ತು. ಅಂದರೆ ಬರೆಯಲು ಬಾರದಿರುವುದರ ಹಿಂದೆ, ನಿಧಾನವಾಗಿ ಓದಲು ಬಾರದಿರುವುದೂ ಅಡಗಿರುತ್ತದೆ.

ಇದಕ್ಕೆ ಹೆಸರುವಾಸಿಯಾದ ಒಂದು ಲೆಕ್ಕವಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿಯಟ್ ಸೊಲೊವೇ 1980ರ ದಶಕದಲ್ಲಿ ಬಳಕೆಗೆ ತಂದ ಮಳೆಯ ಲೆಕ್ಕ ಅದು. ದಿನದಿನದ ಮಳೆಯ ಪ್ರಮಾಣವನ್ನು ಒಂದೊಂದಾಗಿ ಕೇಳಿ ತೆಗೆದುಕೊಳ್ಳಬೇಕು. 99999 ಎಂದು ಕೊಟ್ಟಾಗ ನಿಲ್ಲಿಸಿ, ಸರಾಸರಿ ಹೇಳಬೇಕು. ಕೇಳಲು ಇಷ್ಟೇ. ಆದರೂ ಒಂದು ಕೋರ್ಸ್ ಮುಗಿಸಿದವರಲ್ಲೇ ಬಹಳಷ್ಟು ಮಂದಿ ಇದರಲ್ಲಿ ಎಡವಿದರು.

ಎಲ್ಲಿ ಎಡವುತ್ತಾರೆಂದು ನೋಡೋಣ. ಆಗುಂಬೆಯಲ್ಲಿ ಮೂರು ದಿನ ಮಳೆ ಅಳೆದಿದ್ದೇವೆ ಎಂದಿಟ್ಟುಕೊಳ್ಳಿ: 112, 86, 0 ಮಿಲಿಮೀಟರ್, ಆಮೇಲೆ ನಿಲುಗಡೆಗೆ 99999. ಕಾಗದದ ಮೇಲೆ ಲೆಕ್ಕ ಸುಲಭ, 198ನ್ನು 3ರಿಂದ ಭಾಗಿಸಿದರೆ 66. ಆದರೆ ಲೂಪಿನೊಳಗೆ (ಮತ್ತೆ ಮತ್ತೆ ಓಡುವ ಸಾಲುಗಳೊಳಗೆ) ಮೊದಲು ಕೂಡಿಸಿ, ಆಮೇಲೆ ‘ಇದು 99999 ಆಗಿತ್ತೇ’ ಎಂದು ಕೇಳಿದರೆ ನಿಲುಗಡೆಯ ಸಂಖ್ಯೆಯೂ ಮೊತ್ತದೊಳಗೆ ಸೇರಿ, ಸರಾಸರಿ 25049.25 ಮಿಲಿಮೀಟರ್ ಎಂದು ಬರುತ್ತದೆ. ಇನ್ನೊಬ್ಬರು ಋಣ ಸಂಖ್ಯೆಗಳನ್ನು ಬಿಡಬೇಕೆಂದು ಯೋಚಿಸಿ ‘ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ’ ಎಂಬ ಷರತ್ತು ಹಾಕುತ್ತಾರೆ. ಆಗ ಮಳೆಯಿಲ್ಲದ ದಿನ ಎಣಿಕೆಯಿಂದಲೇ ಬಿಟ್ಟುಹೋಗಿ 99 ಎಂದು ಬರುತ್ತದೆ. ಮೊದಲ ಸಲಕ್ಕೇ 99999 ಕೊಟ್ಟರೆ ದಿನಗಳ ಸಂಖ್ಯೆ ಸೊನ್ನೆಯಾಗಿ, ಸೊನ್ನೆಯಿಂದ ಭಾಗಿಸಲು ಹೋಗಿ ಪ್ರೋಗ್ರಾಂ ನಿಂತೇಹೋಗುತ್ತದೆ. ಈ ಮೂರರಲ್ಲಿ ಎರರ್ ಬರುವುದು ಕೊನೆಯದಕ್ಕೆ ಮಾತ್ರ. ಮೊದಲನೆಯದನ್ನು ಆಗುಂಬೆಯಲ್ಲಿ ಕೂಡ ದಿನಕ್ಕೆ 25 ಮೀಟರ್ ಮಳೆ ಬೀಳುವುದಿಲ್ಲ ಎಂಬ ಸಾಮಾನ್ಯ ಜ್ಞಾನದಿಂದ ಹಿಡಿಯಬಹುದು. 99 ಎಂಬ ಉತ್ತರ ಮಾತ್ರ ನಂಬುವ ಹಾಗೆಯೇ ಇರುತ್ತದೆ. ಕಾಗದದ ಮೇಲೆ 66 ಎಂದು ಮೊದಲೇ ಬರೆದಿಟ್ಟುಕೊಂಡವರಿಗಷ್ಟೇ ಅದು ಸಿಕ್ಕಿಬೀಳುತ್ತದೆ.

ಈ ಲೆಕ್ಕವನ್ನು ವಿಡಿಯೋ ನೋಡದೆ, ಯಾರನ್ನೂ ಕೇಳದೆ ಬರೆಯಿರಿ. ಎರಡು ಸಂಜೆ ಹಿಡಿದರೂ ಪರವಾಗಿಲ್ಲ.

ದಿನದ ಅಭ್ಯಾಸ ಹೇಗಿರಬೇಕು?

ಭಾನುವಾರ ಆರು ಗಂಟೆ ಕೂರುವುದಕ್ಕಿಂತ ದಿನಕ್ಕೆ ಒಂದು ಗಂಟೆ ಮೇಲು. ಆ ಒಂದು ಗಂಟೆಯಲ್ಲಿ ಹೊಸದನ್ನು ನೋಡಲು ಹದಿನೈದು ನಿಮಿಷ ಸಾಕು, ಉಳಿದದ್ದೆಲ್ಲ ಕೈಕೆಲಸಕ್ಕೆ. ಪಾಠದಲ್ಲಿರುವ ಕೋಡನ್ನು ಕಾಪಿ ಪೇಸ್ಟ್ ಮಾಡದೆ ಒಂದೊಂದೇ ಅಕ್ಷರ ಟೈಪ್ ಮಾಡಿ. ರನ್ ಒತ್ತುವ ಮುನ್ನ ಏನು ಬರುತ್ತದೆ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಬಂದದ್ದು ಬೇರೆಯಾಗಿದ್ದರೆ, ಏಕೆ ಬೇರೆಯಾಯಿತು ಎಂದು ತಿಳಿಯುವವರೆಗೂ ಮುಂದಿನ ಪಾಠಕ್ಕೆ ಹೋಗಬೇಡಿ. ಆಮೇಲೆ ಒಂದು ಸಂಖ್ಯೆಯನ್ನೋ ಷರತ್ತನ್ನೋ ಬದಲಿಸಿ ಮತ್ತೆ ಊಹಿಸಿ.

ಮರುದಿನ ಹಿಂದಿನ ದಿನದ ಪ್ರೋಗ್ರಾಮನ್ನು ನೋಡದೆ ಮತ್ತೊಮ್ಮೆ ಬರೆಯಿರಿ. ಹೆಚ್ಚಿನವರು ಇದನ್ನು ಬೇಸರದ ಕೆಲಸವೆಂದು ಬಿಟ್ಟುಬಿಡುತ್ತಾರೆ, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿರುತ್ತದೆ ಎಂದು ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ತೋರಿಸಿದ್ದರು. ಅದೇ ಪ್ರಯೋಗದಲ್ಲಿ, ಓದಿದ ಐದು ನಿಮಿಷಕ್ಕೇ ಪರೀಕ್ಷೆ ಕೊಟ್ಟಾಗ ಮಾತ್ರ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಿಡಿಯೋ ಮುಗಿದ ಕೂಡಲೇ ಎಲ್ಲ ಬಂತು ಎನಿಸುವುದಕ್ಕೆ ಬಹುಶಃ ಇದೇ ಕಾರಣ.

ಎರರ್ ಬಂದರೆ ಕೈಕಾಲು ಆಡುವುದಿಲ್ಲ. ಹೇಗೆ ಎದುರಿಸಬೇಕು?

ಕೆಂಪಕ್ಷರದ ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಿ. ಪೈಥಾನಿನಲ್ಲಿ ಏನು ತಪ್ಪಾಯಿತು ಎಂಬುದು ಕೊನೆಯ ಸಾಲಿನಲ್ಲೂ ಎಲ್ಲಿ ಎಂಬುದು ಅದರ ಮೇಲಿನ ಸಾಲುಗಳಲ್ಲೂ ಇರುತ್ತದೆ. ನೇಮ್ ಎರರ್ ಎಂದರೆ ಆ ಹೆಸರು ಅದಕ್ಕೆ ಗೊತ್ತಿಲ್ಲ, ಹೆಚ್ಚಾಗಿ ಕಾಗುಣಿತ ತಪ್ಪಿರುತ್ತದೆ. ಟೈಪ್ ಎರರ್ ಎಂದರೆ ಸಂಖ್ಯೆಗೆ ಸ್ಟ್ರಿಂಗನ್ನು (ಅಕ್ಷರಗಳ ಸಾಲನ್ನು) ಕೂಡಿಸುವಂಥದ್ದೇನೋ ನಡೆದಿದೆ. ಹೊಸಬರಿಗೆ ಮೊದಲು ಎದುರಾಗುವುದು ಇದೇ: ಇನ್‌ಪುಟ್ ಫಂಕ್ಷನ್ ಏನನ್ನು ತಂದುಕೊಟ್ಟರೂ ಸ್ಟ್ರಿಂಗ್ ಆಗಿಯೇ ಕೊಡುತ್ತದೆ, ಆದ್ದರಿಂದ ಅದಕ್ಕೆ ಸಂಖ್ಯೆಯೊಂದನ್ನು ಕೂಡಿಸಿದರೆ ಟೈಪ್ ಎರರ್ ಬರುತ್ತದೆ, 2 ಮತ್ತು 3 ಎರಡನ್ನೂ ಹಾಗೆಯೇ ಪಡೆದು ಕೂಡಿಸಿದರೆ ಎರರ್ ಬಾರದೆ 5ರ ಬದಲು 23 ಬರುತ್ತದೆ. 2021ರಲ್ಲಿ ಬಂದ 3.10ರ ಆವೃತ್ತಿಯಿಂದ ಈಚೆಗೆ ಸಂದೇಶಗಳು ಬಹಳ ಸುಧಾರಿಸಿವೆ, ಕಾಗುಣಿತ ತಪ್ಪಿದ್ದರೆ ‘ನೀವು ಹೇಳಹೊರಟದ್ದು ಇದೇ ತಾನೇ’ ಎಂದು ಸರಿಯಾದ ಹೆಸರನ್ನೂ ಸೂಚಿಸುತ್ತವೆ.

ಎರರ್ ಬಾರದೆ ಉತ್ತರ ತಪ್ಪಾದಾಗ ಕಷ್ಟ ಹೆಚ್ಚು. ಕಲಿಯುವ ದಿನಗಳಲ್ಲಿ ನಾನೊಂದು ಫಂಕ್ಷನ್ ಬರೆದಿದ್ದೆ, ಪಟ್ಟಿಯಲ್ಲಿದ್ದ ಎಲ್ಲ ಸಂಖ್ಯೆಗಳನ್ನು ಕೂಡಿಸಬೇಕಿತ್ತು, ಆದರೆ ಯಾವ ಪಟ್ಟಿ ಕೊಟ್ಟರೂ ಮೊದಲ ಸಂಖ್ಯೆಯನ್ನಷ್ಟೇ ಹಿಂದಿರುಗಿಸುತ್ತಿತ್ತು. ಅರ್ಧ ರಾತ್ರಿಯವರೆಗೆ ಕೂಡಿಸುವ ಸಾಲನ್ನೇ ತಿದ್ದಿ ತಿದ್ದಿ ಸುಸ್ತಾಗಿ ಮಲಗಿದೆ. ಬೆಳಿಗ್ಗೆ ಕಾಫಿ ಕುಡಿಯುತ್ತ, ಕಂಪ್ಯೂಟರಿನ ಗಂಧಗಾಳಿಯಿಲ್ಲದ ನನ್ನ ದೊಡ್ಡಮ್ಮನಿಗೆ ಅದನ್ನು ವಿವರಿಸತೊಡಗಿದೆ: ‘ನೋಡು ದೊಡ್ಡಮ್ಮ, ಇದು ಒಂದು ಸಂಖ್ಯೆ ತಗೊಳ್ಳುತ್ತೆ, ಕೂಡಿಸುತ್ತೆ, ವಾಪಸ್ ಕೊಡುತ್ತೆ…’ ‘ಎಲ್ಲ ಕೂಡಿಸೋಕೆ ಮುಂಚೆನೇ ಯಾಕೋ ವಾಪಸ್ ಕೊಡುತ್ತೆ?’ ಎಂದರು ಅವರು. ರಿಟರ್ನ್ ಎಂಬ ಸಾಲು ನಾಲ್ಕು ಸ್ಪೇಸ್ ಒಳಗೆ ಸರಿದು ಲೂಪಿನೊಳಗೆ ಕೂತಿತ್ತು. ಮೇಜಿನ ಮೇಲಿಟ್ಟ ರಬ್ಬರ್ ಬಾತುಕೋಳಿಗೆ ಕೋಡನ್ನು ವಿವರಿಸುವ ಪದ್ಧತಿ ಪ್ರೋಗ್ರಾಮರ್‌ಗಳಲ್ಲಿ ಹಿಂದಿನಿಂದಲೂ ಇದೆ. ಮರುಪ್ರಶ್ನೆ ಕೇಳುವ ದೊಡ್ಡಮ್ಮ ಇದ್ದರೆ ಇನ್ನೂ ಒಳ್ಳೆಯದು. ಯಾರೂ ಇಲ್ಲದಿದ್ದರೆ ಲೂಪಿನೊಳಗೆ ಒಂದು ಪ್ರಿಂಟ್ ಹಾಕಿ, ಪ್ರತಿ ಸುತ್ತಿನಲ್ಲೂ ಬೆಲೆಗಳೇನು ಎಂದು ನೋಡಿ.

ಗಣಿತ ಚೆನ್ನಾಗಿ ಬರಬೇಕೇ?

ಕೂಡು, ಕಳೆ, ಶೇಕಡಾ, ಶೇಷ ಸಾಕು. ಗೇಮ್, ಗ್ರಾಫಿಕ್ಸ್, ಮಷೀನ್ ಲರ್ನಿಂಗ್ ಕಡೆಗೆ ಹೋದರೆ ಹೆಚ್ಚು ಬೇಕು. ಅದನ್ನು ಅಲ್ಲಿಗೆ ಹೋದಾಗ ಕಲಿಯಬಹುದು.

ಸ್ವಂತ ಪ್ರಾಜೆಕ್ಟ್ ಮಾಡಿ ಎನ್ನುತ್ತಾರೆ. ಏನು ಮಾಡಬೇಕು?

ಎಲ್ಲರೂ ಮಾಡುವ ಕ್ಯಾಲ್ಕ್ಯುಲೇಟರನ್ನು ಮತ್ತೊಮ್ಮೆ ಮಾಡುವುದಕ್ಕಿಂತ ಮನೆಯಲ್ಲಿ ನಿಜವಾಗಿ ಇರುವ ಲೆಕ್ಕವೊಂದನ್ನು ಹಿಡಿಯಿರಿ. ಡೈರಿಗೆ ಹಾಲು ಹಾಕುವ ಮನೆಯಾದರೆ ಬೆಳಿಗ್ಗೆ ಮತ್ತು ಸಂಜೆಯ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಬರೆದುಕೊಂಡು ಬರಬೇಕಾದ ಹಣ ಹೇಳುವ ಪ್ರೋಗ್ರಾಂ ಮಾಡಬಹುದು. ಮೊದಲ ಆವೃತ್ತಿ ಒಂದು ಹೊತ್ತಿನ ಲೆಕ್ಕ ಹೇಳಿದರೆ ಸಾಕು. ಮರುದಿನವೂ ಅಂಕಿಗಳು ಉಳಿದಿರಬೇಕು ಎನಿಸಿದಾಗ ಫೈಲಿಗೆ ಬರೆಯುವುದನ್ನು ಕಲಿಯುತ್ತೀರಿ. ಲೀಟರ್ ಕೇಳಿದಲ್ಲಿ ತಮ್ಮ ‘ಐದೂವರೆ’ ಎಂದು ಟೈಪ್ ಮಾಡಿ ಪ್ರೋಗ್ರಾಂ ಕುಸಿದಾಗ, ಬರುವ ದತ್ತಾಂಶವನ್ನು ಪರೀಕ್ಷಿಸಬೇಕೆಂದು ತಿಳಿಯುತ್ತದೆ. ಹಣದ ವಿಷಯದಲ್ಲಿ ಇನ್ನೊಂದು ಪಾಠವೂ ಸಿಗುತ್ತದೆ: ಪೈಥಾನಿಗೆ 0.1 ಮತ್ತು 0.2 ಕೂಡಿಸಲು ಹೇಳಿದರೆ 0.30000000000000004 ಎನ್ನುತ್ತದೆ, ಏಕೆಂದರೆ ದ್ವಿಮಾನದಲ್ಲಿ 0.1ನ್ನು ಕರಾರುವಾಕ್ಕಾಗಿ ಬರೆಯಲು ಬರುವುದಿಲ್ಲ. ಮೊತ್ತವನ್ನೆಲ್ಲ ಪೈಸೆಗಳಲ್ಲಿ ಪೂರ್ಣಾಂಕವಾಗಿ ಇಟ್ಟುಕೊಂಡರೆ ಕೂಡಿಸುವಾಗ ಈ ಕಾಟ ಇರುವುದಿಲ್ಲ.

ಕನ್ನಡವೇ ಒಂದು ಒಳ್ಳೆಯ ಪ್ರಾಜೆಕ್ಟ್. ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ನಮ್ಮಲ್ಲಿ ಯಾರನ್ನು ಕೇಳಿದರೂ ಮೂರು ಎನ್ನುತ್ತಾರೆ. ಪೈಥಾನಿನ ಲೆನ್ ಫಂಕ್ಷನ್ 5 ಎನ್ನುತ್ತದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡಿನಲ್ಲಿ ಆ ಪದವನ್ನು ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ ಎಂದು ಐದು ಸಂಕೇತಗಳಾಗಿ ಇಟ್ಟಿರುವುದೇ ಕಾರಣ. ‘ಮೈಸೂರು’ ಎಂಬುದನ್ನು ಹಿಂದುಮುಂದು ಮಾಡಲು ಹೇಳಿದರೆ ನಮಗೆ ಬೇಕಾದದ್ದು ‘ರುಸೂಮೈ’. ಪ್ರೋಗ್ರಾಂ ಕೊಡುವುದು ಆರಂಭದಲ್ಲಿ ಅನಾಥವಾದ ಒಂದು ಉಕಾರದ ಕೊಂಬು, ಅದರ ಹಿಂದೆ ‘ರೂಸೈಮ’. ಸ್ವರಚಿಹ್ನೆಗಳೆಲ್ಲ ತಮ್ಮ ವ್ಯಂಜನಗಳನ್ನು ಬಿಟ್ಟು ಪಕ್ಕದವುಗಳಿಗೆ ಅಂಟಿಕೊಂಡಿರುತ್ತವೆ. ಕನ್ನಡ ಅಕ್ಷರಗಳನ್ನು ನಾವು ಎಣಿಸುವ ಹಾಗೆಯೇ ಎಣಿಸುವ ಫಂಕ್ಷನ್ ಬರೆಯುವುದು ಮೂರನೇ ತಿಂಗಳಿಗೆ ತಕ್ಕ ಕೆಲಸ. ಸ್ಟ್ರಿಂಗ್, ಲೂಪ್, ಷರತ್ತು ಎಲ್ಲವೂ ಅದರಲ್ಲಿ ಬರುತ್ತವೆ. ಅದು ಮುಗಿದರೆ ಪದ್ಯದ ಸಾಲಿಗೆ ಲಘು ಗುರು ಹಾಕುವ ಪ್ರೋಗ್ರಾಂ ದೂರವಿಲ್ಲ, ಶಾಲೆಯಲ್ಲಿ ಛಂದಸ್ಸು ಬಿಡಿಸಿದವರಿಗೆ ನಿಯಮಗಳು ಗೊತ್ತೇ ಇವೆ.

ಎಐ ಕೋಡ್ ಬರೆದುಕೊಡುವಾಗ ನಾವು ಕಲಿಯುವುದೇಕೆ? ಕಲಿಯುವಾಗ ಅದನ್ನು ಬಳಸಬಹುದೇ?

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಈ ಪ್ರಶ್ನೆ ಉಳಿದವನ್ನೆಲ್ಲ ಹಿಂದೆ ಹಾಕಿದೆ. ಮಳೆಯ ಲೆಕ್ಕವನ್ನು ಎಐಗೆ ಕೊಟ್ಟರೆ ಕ್ಷಣದಲ್ಲಿ ಬರೆದುಕೊಡುತ್ತದೆ. ಆದರೆ ಮಳೆಯಿಲ್ಲದ ದಿನವನ್ನು ಎಣಿಸಬೇಕೇ ಬೇಡವೇ ಎಂದು ತೀರ್ಮಾನಿಸಬೇಕಾದವರು ನೀವು, ಬಂದ ಕೋಡ್ ಆ ತೀರ್ಮಾನವನ್ನೇ ಪಾಲಿಸುತ್ತಿದೆಯೇ ಎಂದು ಓದಿ ಹೇಳಬೇಕಾದವರೂ ನೀವೇ. ಆ ಓದು ಬರುವುದು ಬರೆದು ಎಡವಿದವರಿಗೆ.

ಬಳಸುವುದಾದರೆ ಒಂದು ಕಟ್ಟುಪಾಡು ಇಟ್ಟುಕೊಳ್ಳಿ. ಅರ್ಧ ಗಂಟೆ ಸ್ವಂತವಾಗಿ ಪ್ರಯತ್ನಿಸುವ ಮುನ್ನ ಕೇಳಬೇಡಿ. ಕೇಳುವಾಗ ‘ಬರೆದುಕೊಡು’ ಎನ್ನದೆ, ನಿಮ್ಮ ಕೋಡನ್ನೇ ಕೊಟ್ಟು ‘ನನ್ನ ಯೋಚನೆ ಎಲ್ಲಿ ತಪ್ಪಿದೆ, ಉತ್ತರ ಹೇಳದೆ ಸುಳಿವು ಕೊಡು’ ಎನ್ನಿ. ಕನ್ನಡದಲ್ಲೇ ಕೇಳಬಹುದು. ಅದು ಹೇಳಿದ್ದು ಸರಿಯೇ ಎಂದು ರನ್ ಮಾಡಿ ನೋಡದೆ ನಂಬಬೇಡಿ, ತಪ್ಪನ್ನೂ ಅದು ಅಷ್ಟೇ ನಯವಾಗಿ ಹೇಳಬಲ್ಲದು.

ಹಣ ಕೊಟ್ಟು ಕೋರ್ಸ್ ಸೇರಬೇಕೇ?

ಆರಂಭಕ್ಕೆ ಬೇಕಿಲ್ಲ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಪಾಠಗಳು ಉಚಿತ, ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಅಲ್ಲಿನ ವಾರವಾರದ ಅಸೈನ್‌ಮೆಂಟುಗಳಿಗೆ ಕೊನೆಯ ದಿನಾಂಕವಿರುತ್ತದೆ; ಮನೆಯಲ್ಲಿ ಕೂತು ಕಲಿಯುವವರಿಗೆ ಪಾಠಕ್ಕಿಂತ ಆ ದಿನಾಂಕವೇ ಹೆಚ್ಚು ಉಪಕಾರಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಎಂಬ ಕೋರ್ಸ್ ಕೂಡ ಉಚಿತವಾಗಿ ಸಿಗುತ್ತದೆ, ಅದರ ಲೆಕ್ಕಗಳು ಬೆವರಿಳಿಸುತ್ತವೆ. ಮೂರು ತಿಂಗಳಲ್ಲಿ ಕೆಲಸ ಗ್ಯಾರಂಟಿ ಎನ್ನುವ ಜಾಹೀರಾತು ಕಂಡರೆ ಪರ್ಸ್ ಒಳಗಿಡಿ.

ಎಷ್ಟು ದಿನ ಬೇಕಾಗುತ್ತದೆ? ಕೆಲಸ ಸಿಗುತ್ತದೆಯೇ?

ದಿನಕ್ಕೆ ಒಂದು ಗಂಟೆ ತಪ್ಪದೆ ಕೂತರೆ, ಹಾಲಿನ ಲೆಕ್ಕದಂಥ ಪ್ರೋಗ್ರಾಮನ್ನು ಯಾರ ನೆರವಿಲ್ಲದೆ ಬರೆಯಲು ಸುಮಾರು ಆರು ತಿಂಗಳು ಹಿಡಿಯುತ್ತದೆ ಎಂಬುದು ನನ್ನ ಅಂದಾಜು. ಕೆಲಸಕ್ಕೆ ಅರ್ಜಿ ಹಾಕುವ ಮಟ್ಟಕ್ಕೆ ಅದರ ಮೂರು ಪಟ್ಟು ಎಂದಿಟ್ಟುಕೊಳ್ಳಿ. ಪದವಿ ಮತ್ತು ಅಂಕಗಳನ್ನು ಕೇಳುವ ಕಂಪನಿಗಳು ನಮ್ಮಲ್ಲಿ ಇನ್ನೂ ಬಹಳ ಇವೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸಣ್ಣ ಕಂಪನಿಗಳಲ್ಲಿ ಮಾಡಿದ ಕೆಲಸ ತೋರಿಸಿ ಒಳಹೋಗುವ ದಾರಿಯೂ ಇದೆ. ಅಕೌಂಟ್ಸ್ ಅಥವಾ ಉಗ್ರಾಣ ವಿಭಾಗದಲ್ಲಿ ಈಗಾಗಲೇ ಇರುವವರು ಕೆಲಸ ಬಿಡುವ ಬದಲು, ಪ್ರತಿ ಶನಿವಾರ ಕೈಯಲ್ಲಿ ಮಾಡುವ ಎಕ್ಸೆಲ್ ವರದಿಯನ್ನು ಪೈಥಾನಿನಿಂದ ಮಾಡಿಸಿ ತೋರಿಸುವುದು ಹೆಚ್ಚು ಭದ್ರವಾದ ಹೆಜ್ಜೆ.

ನನ್ನ ಕೋಡ್ ಚೆನ್ನಾಗಿದೆಯೇ ಎಂದು ಹೇಳುವವರು ಯಾರೂ ಇಲ್ಲ. ಹೇಗೆ ತಿಳಿಯಲಿ?

ಒಂಟಿಯಾಗಿ ಕಲಿಯುವವರ ನಿಜವಾದ ಕೊರತೆ ಇದು. ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಅಭಿವೃದ್ಧಿಗಾಗಿ 2005ರಲ್ಲಿ ರೂಪಿಸಿದ, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಎಂಬ ಸಾಧನವನ್ನು ಬೇಗ ಕಲಿತು, ಬರೆದದ್ದನ್ನೆಲ್ಲ ಅದರಲ್ಲಿ ಕಾಪಿಡಿ. ಮೂರು ತಿಂಗಳ ಹಿಂದಿನ ಪ್ರೋಗ್ರಾಮನ್ನು ತೆರೆದು ಓದಿ. ಎ, ಬಿ, ಟೆಂಪ್ 2 ಎಂದು ಹೆಸರಿಟ್ಟ ವೇರಿಯಬಲ್‌ಗಳು ಏನೆಂದು ನಿಮಗೇ ಗೊತ್ತಾಗದಿದ್ದರೆ ವಿಮರ್ಶೆ ಅಲ್ಲೇ ಸಿಕ್ಕಿತು. ಮುಕ್ತ ತಂತ್ರಾಂಶ ಯೋಜನೆಗಳಿಗೆ ಸಣ್ಣ ತಿದ್ದುಪಡಿ ಕಳಿಸಿದರೆ ಅಪರಿಚಿತರು ಸಾಲು ಸಾಲಿಗೂ ಟಿಪ್ಪಣಿ ಬರೆದು ವಾಪಸ್ ಕಳಿಸುತ್ತಾರೆ. ನಾನು ಕಳಿಸಿದ ಮೊದಲನೆಯದು ಏಳು ಸಾಲಿನದು, ಟಿಪ್ಪಣಿ ಒಂಬತ್ತು ಬಂದಿದ್ದವು.